ಸೋಪಿನ ಡಬ್ಬಿಯ ಪರೀಕ್ಷೆ

ಸೋಪಿನ ಡಬ್ಬಿಯ ಕೆಂಪು ದೀಪ ಹತ್ತಿತು; ಅಂದರೆ ಒಳಗಿಟ್ಟ ಚಿಪ್‌ಗೆ ಜೀವವಿದೆ. ಪಾಲಿಟೆಕ್ನಿಕ್ಕಿನ ನಮ್ಮ ದೊಡ್ಡ ಚಿಪ್ ಪರೀಕ್ಷಾ ಯಂತ್ರವು ‘ಸತ್ತಿದೆ’ ಎಂದು ತೋರಿಸಿದ್ದ ಆ ಚಿಪ್ಪನ್ನು ಅರಸೀಕೆರೆಯ ರೇಡಿಯೊ ರಿಪೇರಿ ಅಂಗಡಿಯ ಶಾಂತಮ್ಮ, ಮೂರು ಟಾರ್ಚ್ ಸೆಲ್ ಹಾಕಿ ತಾವೇ ಮಾಡಿಕೊಂಡಿದ್ದ ಡಬ್ಬಿಯಲ್ಲಿ ಪರೀಕ್ಷಿಸಿದ್ದರು. ಚಿಪ್‌ಗಳನ್ನು ಸುಟ್ಟವನು ಲ್ಯಾಬ್ ಸಹಾಯಕ ರಂಗಪ್ಪನೆಂದು ನಾನು ಬರೆದ ವರದಿ ಜೇಬಿನಲ್ಲಿತ್ತು. ಕೊಟ್ಟರೆ ಅವನ ಕೆಲಸ ಹೋಗುತ್ತಿತ್ತು. ಯಂತ್ರ ಹೊತ್ತು, ಹಟ ಹಿಡಿದು ನನ್ನನ್ನು ಅಲ್ಲಿಗೆ ಎಳೆತಂದವನು ಅವನೇ.

ಶಾಂತಮ್ಮ ಯಂತ್ರದಲ್ಲಿ ಚಿಪ್ ಕೂರಿಸುವ ಜಾಗವನ್ನು ಸೂಜಿಯಿಂದ ಕೆರೆದರು. ಹಸಿರು ಕಿಲುಬು ಉದುರಿತು.

“ಚಿಪ್ಪು ಚೆನ್ನಾಗೈತೆ ಮೇಷ್ಟ್ರೇ. ನಿಮ್ಮ ಪೆಟ್ಟಿಗೇನೇ ಹಲ್ಲುಜ್ಜಿಲ್ಲ.”

“ಯಾರೂ ಮುಟ್ಟಬಾರದು ಅಂತ ಇವರೇ ಅದಕ್ಕೆ ಚೀಟಿ ಅಂಟಿಸವ್ರೆ ಕಣಕ್ಕಾ,” ಎಂದ ರಂಗಪ್ಪ.

ವರದಿಯ ಹಿಂಬದಿಯಲ್ಲಿ ಆಕೆಯ ಡಬ್ಬಿಯ ನಕ್ಷೆ ಬರೆದುಕೊಂಡೆ. ಮರುದಿನ ಚೀಟಿಯನ್ನು ನಾನೇ ಕಿತ್ತೆ. ಅಂಟಿನ ಗುರುತು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ.