ನಾಡಿ ಸಾಹುಕಾರರು ಏಮಾರಿದ ವ್ಯಾಪಾರ

ಹಳೇ ಕುರ್ಚಿ, ಮೇಜು, ಮಂಚಗಳನ್ನು ಮಾರುವ ಆ ಅಂಗಡಿಯಲ್ಲಿ ಬೆಲೆಚೀಟಿ ಎಂಬುದೇ ಇರಲಿಲ್ಲ. ಸಾಹುಕಾರರು ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಲು ಅಕ್ಕರೆಯಿಂದ ಮಣಿಕಟ್ಟು ಹಿಡಿದು, ಮನೆಮಂದಿಯ ಕ್ಷೇಮ ವಿಚಾರಿಸುತ್ತಿದ್ದರು. ಕುರ್ಚಿಯ ಮೇಲೆ ಮನಸ್ಸಾಗಿದ್ದರೆ ನಾಡಿ ಕುಣಿಯುತ್ತಿತ್ತು. ಆಮೇಲೆ ಬೆಲೆ ಇಳಿಯುತ್ತಿರಲಿಲ್ಲ. ಬೀದಿಯವರು ಅವರಿಗೆ ನಾಡಿ ಸಾಹುಕಾರ ಎಂದೇ ಹೆಸರಿಟ್ಟಿದ್ದರು. ಈಗಿನ ಅಂಗಡಿಗಳಲ್ಲಿ ಗಿರಾಕಿಗೆ ಎಷ್ಟು ಆಸೆ ಹುಟ್ಟಿದರೂ ಒಂದೇ ಬೆಲೆ. ಅದೂ ಒಂದು ವ್ಯಾಪಾರವೇ!

ಎದುರುಗಡೆಯ ದರ್ಜಿ ಅವರ ಬಾಲ್ಯದ ಗೆಳೆಯ. ತನ್ನ ಅಂಗಡಿಯನ್ನು ಶಾಶ್ವತವಾಗಿ ಮುಚ್ಚುವಾಗ, ಬಟ್ಟೆ ಕತ್ತರಿಸುವ ಮೇಜನ್ನು ಮಾರಲು ಬಂದ. ಅದರ ಮೇಲೆ ಕೂತೇ ಇಬ್ಬರೂ ವರ್ಷಾನುಗಟ್ಟಲೆ ಊರವರ ಸುದ್ದಿಯನ್ನೆಲ್ಲ ಕತ್ತರಿಸಿ ಹೊಲಿದಿದ್ದರು. ಇವನು ಮನಸಾರೆ ಮಾರುತ್ತಿದ್ದಾನೋ, ಮನಸ್ಸು ಕಲ್ಲು ಮಾಡಿಕೊಂಡೋ? ಸಾಹುಕಾರರು ಮಣಿಕಟ್ಟು ಹಿಡಿದರು. ನಾಡಿ ಮಧ್ಯಾಹ್ನದ ಎಮ್ಮೆಯ ಹಾಗೆ ನಿಧಾನ.

“ಇಟ್ಕೊಳ್ಳೋ ಮಾರಾಯ, ಮನೇಲಿ ಜಾಗ ಇಲ್ಲ,” ಎಂದ ದರ್ಜಿ.

ಇಷ್ಟೇನಾ ಇವನ ಅಕ್ಕರೆ ಎಂದುಕೊಂಡು, ಮುನಿಸಿನಲ್ಲೇ ಕೊಂಡರು.

ಮರುದಿನ ದರ್ಜಿಯ ಮಗಳು, ಆಸ್ಪತ್ರೆಯಲ್ಲಿ ನರ್ಸು, ಬಂದು ನಿಂತಳು. “ಮಾವ, ಅಪ್ಪ ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ಆ ಮೇಜು ಯಾಕೆ ತಗೊಂಡ್ರಿ?”

“ಅವನ ನಾಡಿ ಒಂಚೂರೂ ಅಲ್ಲಾಡ್ಲಿಲ್ಲಮ್ಮ!”

ಅವಳು ನಕ್ಕುಬಿಟ್ಟಳು. “ಎಲ್ಲಿ ಅಲ್ಲಾಡುತ್ತೆ? ಅಪ್ಪ ಬೀಟಾ ಬ್ಲಾಕರ್ ಅನ್ನೋ ಮಾತ್ರೆ ತಗೋತಾರೆ. ಗಾಬರಿ, ಸಂಕಟ ಆದ್ರೆ ಮೈಯಲ್ಲಿ ಅಡ್ರಿನಲಿನ್ ಅನ್ನೋ ರಸ ಉಕ್ಕುತ್ತೆ, ಜೋರಾಗಿ ಬಡಿ ಅಂತ ಹೃದಯಾನ ಅಟ್ಟುತ್ತೆ. ಹೃದಯದಲ್ಲಿ ಅದು ಕೂರೋ ಜಾಗದಲ್ಲಿ ಈ ಮಾತ್ರೆ ಮೊದಲೇ ಕೂತಿರುತ್ತೆ. ಬಡಿತ ನಿಧಾನ ಆಗುತ್ತೆ, ಬಿಪಿ ಇಳಿಯುತ್ತೆ, ಎದೆನೋವೂ ಕಮ್ಮಿ.”

“ದುಃಖ?”

“ಅದನ್ನ ತಡೆಯೋ ಮಾತ್ರೆ ಅಲ್ಲ ಇದು.”

“ಎರಡು ದಿನ ನಿಲ್ಲಿಸಿದ್ರೆ ನಿಜ ಗೊತ್ತಾಗಲ್ವಾ?”

“ಅಯ್ಯೋ! ಡಾಕ್ಟರನ್ನ ಕೇಳ್ದೆ ದಿಢೀರಂತ ನಿಲ್ಲಿಸಿದ್ರೆ ಹೃದಯಕ್ಕೇ ಅಪಾಯ. ನಿಮಗೆ ಬಾಯಿದೆಯಲ್ಲ ಮಾವ, ಕೇಳಿ.”

ಇನ್ನೊಬ್ಬರ ಬಾಯಿಮಾತು ನಂಬುವ ಅಭ್ಯಾಸ ಸಾಹುಕಾರರಿಗಿರಲಿಲ್ಲ. ಆದರೂ ಸಂಜೆ ಗೆಳೆಯನ ಮನೆಗೆ ಹೋಗಿ, ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಕೇಳಿದರು: “ಮೇಜು ಬೇಕೇನೋ?”

ದರ್ಜಿ ಗೋಡೆ ನೋಡಿದ. “ಬೇಕು ಕಣೋ. ಇಡೋದೆಲ್ಲಿ?”

ಮೇಜು ಸಾಹುಕಾರರ ಅಂಗಡಿಯಲ್ಲೇ, ಕಿಟಕಿಯ ಪಕ್ಕ ಉಳಿಯಿತು. ದಿನಾ ಬೆಳಿಗ್ಗೆ ದರ್ಜಿ ಬಂದು ಅದರ ಮೇಲೆ ಹತ್ತಿ ಕೂರುತ್ತಿದ್ದ. ಯಾರಾದರೂ ಬೆಲೆ ಕೇಳಿದರೆ, “ಇದು ಮಾರೋದಲ್ಲ ಸ್ವಾಮಿ,” ಎಂದು ತಾನೇ ಅಟ್ಟುತ್ತಿದ್ದ. ಅಂಗಡಿಯ ಒಳ್ಳೇ ಜಾಗವೇ ಹೋಯಿತೆಂದು ಸಾಹುಕಾರರು ಕೊನೆಯವರೆಗೂ ಗೊಣಗಿದರು, ಪಕ್ಕದಲ್ಲೇ ಕೂತು.