ನಾಲ್ಕು ಬೆರಳು ಸರಿದ ಕಾರು

ನಮ್ಮ ಶೋಕೇಸಿನ ಬಾಗಿಲು ತೆರೆದರೆ ಹಳೆಯ ರಬ್ಬರಿನ ವಾಸನೆ ಬರುತ್ತದೆ. ಅದು ಸಹಜ. ಆದರೆ ಹೋದ ತಿಂಗಳು ಒಂದು ಬೆಳಿಗ್ಗೆ ಅದರೊಳಗಿನ ಕೆಂಪು ಆಟಿಕೆ ಕಾರು ತನ್ನ ಜಾಗದಿಂದ ನಾಲ್ಕು ಬೆರಳು ಸರಿದು ನಿಂತಿತ್ತು. ನಾನು ಚಡ್ಡಿ ಹಾಕಿಕೊಳ್ಳುತ್ತಿದ್ದ ಕಾಲದಿಂದ ಕದಲದೇ ನಿಂತಿದ್ದ ಕಾರು ಅದು. ಬೇರೆ ಯಾರಾದರೂ ಆಗಿದ್ದರೆ ಮೊದಲು ಹೆಂಡತಿಯನ್ನು ಕೇಳುತ್ತಿದ್ದರು. ನನ್ನ ಮನಸ್ಸು ನೇರವಾಗಿ ಕಮಲಾಪುರಕ್ಕೆ ಓಡಿತು.

ನಗಬೇಡಿ. ಆ ಕಾರಿನ ರಿಮೋಟು ಇರುವುದು ಕಮಲಾಪುರದಲ್ಲಿ.

ಅಜ್ಜಿಯ ತಮ್ಮ ಕುವೈತಿನಿಂದ ತಂದ ಕಾರು. ಆಗ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಈ ಮನೆಯಲ್ಲಿ ನಾವೆಲ್ಲ ಕೂಡಿಯೇ ಇದ್ದೆವು. ನಾನೂ ಅಪ್ಪನ ತಮ್ಮನಾದ ಕಾಕಾನ ಮಗ ವಸಂತನೂ ಸರದಿಯ ಮೇಲೆ ಅದನ್ನು ಅಂಗಳದಲ್ಲಿ ಓಡಿಸಿದ್ದು ಒಂದೇ ಒಂದು ಬೇಸಿಗೆ. ಆಮೇಲೆ ಮನೆ ಪಾಲಾಯಿತು. ಈ ಮನೆ ಅಪ್ಪನಿಗೆ, ಕಮಲಾಪುರದ ಮನೆ ಮತ್ತು ಕೆಂಪು ಬಾಳೆಯ ತೋಟ ಕಾಕಾನಿಗೆ. ಹಿತ್ತಾಳೆ ಹಂಡೆಗಳನ್ನು ತೂಗಿ ಹಂಚಿದರು, ದೇವರ ಪೆಟ್ಟಿಗೆಯ ಸಾಲಿಗ್ರಾಮಗಳನ್ನೂ ಬಿಡಲಿಲ್ಲ. ಕೊನೆಗೆ ಉಳಿದದ್ದು ಕಾರು. ನಾವಿಬ್ಬರೂ ಅದನ್ನು ಹಿಡಿದು ಅತ್ತೆವು. ಪಂಚಾಯಿತಿಗೆ ಬಂದಿದ್ದ ವಕೀಲರು ತಲೆ ತುರಿಸಿಕೊಂಡು, "ಹಿರಿಯಾಂವಗ ಕಾರು, ಕಿರಿಯಾಂವಗ ರಿಮೋಟು. ಬರೋಬ್ಬರಿ ಆತಿಲ್ಲೋ?" ಎಂದರು. ದೊಡ್ಡವರೆಲ್ಲ ಆತು ಎಂದರು. ಅಲ್ಲಿಗೆ ಕಾರು ಓಡುವುದು ನಿಂತಿತು.

ಅಪ್ಪನ ಶಕ, ಅಂದರೆ ಗುಮಾನಿ, ಶುರುವಾದದ್ದೂ ಅಂದೇ. "ಅಂವ ಅಲ್ಲಿ ಕುಂತು ಗುಂಡಿ ಒತ್ತಿದರ ಇದು ಹೊಸ್ತಿಲ ದಾಟಿ ಹೋಗ್ತದ. ಯಾರ ಹಿಡೀಬೇಕು?" ಎಂದು ಹಿಂದಿನ ಗಾಲಿಗೆ ದಾರ ಕಟ್ಟಿ, ಆಕಳನ್ನು ಗೂಟಕ್ಕೆ ಕಟ್ಟಿದ ಹಾಗೆ ಶೋಕೇಸಿನ ಮೊಳೆಗೆ ಬಿಗಿದರು. ಮೂರು ಗಂಟು. ಅಪ್ಪ ಏನು ಕಟ್ಟಿದರೂ ಮೂರು ಗಂಟೇ. ಕಮಲಾಪುರವೇನು ಪಕ್ಕದ ಓಣಿಯೇ ಎಂದು ಅವ್ವ ಕೇಳಿದರೆ, "ರೇಡಿಯೋದಾಗ ದಿಲ್ಲಿ ಕೇಳಂಗಿಲ್ಲೇನು?" ಎನ್ನುತ್ತಿದ್ದರು.

ಕಾಕಾ ಪ್ರತಿವರ್ಷ ಕೆಂಪು ಬಾಳೆಯ ಗೊನೆ ಕಳಿಸುತ್ತಿದ್ದರು. "ಚಲೋ ಗೊನಿ ತಾನೇ ಇಟ್ಕೊಂಡಿರ್ತಾನ" ಎನ್ನುತ್ತಲೇ ಅಪ್ಪ ಅರ್ಧ ಗೊನೆಯನ್ನು ಒಬ್ಬರೇ ಮುಗಿಸುತ್ತಿದ್ದರು. ಅವರಿಗೆ ಇನ್ನೊಂದು ಶಕವೂ ಇತ್ತು: ಪಾಲಾದ ದಿನವೇ ಕಾಕಾ ರಿಮೋಟನ್ನು ಕೆಡಿಸಿಟ್ಟಿದ್ದಾರೆ ಎಂಬುದು. ಕೆಟ್ಟ ರಿಮೋಟಿನಿಂದ ಕಾರು ಹೊಸ್ತಿಲು ದಾಟುವುದು ಹೇಗೆ ಎಂದು ಕೇಳಬೇಡಿ. ಒಂದಕ್ಕೊಂದು ತಾಳೆಯಾಗದ ಎರಡು ಗುಮಾನಿಗಳನ್ನು ಒಂದೇ ಕೊಟ್ಟಿಗೆಯಲ್ಲಿ ಸಾಕುವುದು ನಮ್ಮ ಮನೆತನಕ್ಕೆ ಕರಗತ. ಕೊನೆಯ ದಿನಗಳಲ್ಲೂ ನನ್ನ ಕೈ ಹಿಡಿದು, "ಅಂವ ಖರೇ ಕೆಡಿಸ್ಯಾನ. ನಾ ಮಾತ್ರ ನಮ್ಮದನ್ನ ಜ್ವಾಕಿಲೆ ಇಟ್ಟೀನಿ" ಎಂದರು. ಒಡಹುಟ್ಟಿದ ತಮ್ಮನೇ ಅಪ್ಪನಿಗೆ ಮೋಸ ಮಾಡಿದ್ದನೇ? ಈ ಪ್ರಶ್ನೆ ನನ್ನೊಳಗೆ ಮುಳ್ಳಿನಂತೆ ಉಳಿದುಬಿಟ್ಟಿತು.

ಕಾರು ಸರಿದದ್ದರ ಗುಟ್ಟು ಮಧ್ಯಾಹ್ನದ ಹೊತ್ತಿಗೆ ಬಯಲಾಯಿತು. "ನಾನೇ ದಾರ ಹರಿದು ಒರಸೀನ್ರೀ. ಗಾಲಿ ಕರಗಿ ಹಲಗಿಗೆ ಅಂಟಿದ್ವು" ಎಂದಳು ಹೆಂಡತಿ. ನಾನು ಅರ್ಧ ನಂಬಿದೆ. ಆದರೆ ಹೇಗೂ ದಾರ ಹರಿದಿತ್ತು. ಕಾರನ್ನು ರಿಪೇರಿ ಮಾಡಿ ಕಮಲಾಪುರಕ್ಕೆ ಒಯ್ದು ರಿಮೋಟನ್ನು ಪರೀಕ್ಷಿಸಿಯೇ ಬಿಡುವುದೆಂದು ಹಟ ಹುಟ್ಟಿತು. ಶರಣಬಸವೇಶ್ವರ ಗುಡಿಯ ಕಡೆಯ ಕಾಲೇಜೊಂದರ ಲ್ಯಾಬಿನಲ್ಲಿ ತಂತಿಗಳಿಗೆ ಬೆಸುಗೆ ಹಾಕುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಸೆಲ್ಲು ಸೋರಿ ಕಟ್ಟಿದ್ದ ಹಸಿರು ಕಿಲುಬನ್ನು ಲಿಂಬೆರಸದಿಂದ ತಿಕ್ಕಿದೆ. ಮೋಟಾರಿಗೆ ನೇರವಾಗಿ ಕರೆಂಟು ಕೊಟ್ಟೆ. ಅದು ಮುಲುಗಿ, ಕೆಮ್ಮಿ, ಗಿರ್ರನೆ ತಿರುಗಿದಾಗ ಅಡುಗೆಮನೆಯ ತನಕ ಕುಣಿದುಕೊಂಡು ಹೋಗಿ ಸುದ್ದಿ ಹೇಳಿದೆ.

ವಾಪಸು ಬಂದು ನೋಡಿದರೆ, ರಿಮೋಟಿನ ಅಪ್ಪಣೆಯನ್ನು ಮೋಟಾರಿಗೆ ಮುಟ್ಟಿಸುವ ತಂತಿ ತುಂಡಾಗಿತ್ತು. ತಾನಾಗಿ ಹರಿದದ್ದಲ್ಲ, ಬ್ಲೇಡಿನಿಂದ ಕೊಯ್ದದ್ದು. ಎರಡು ತುದಿಗಳನ್ನೂ ಒಪ್ಪವಾಗಿ ಮಡಚಿ ಬಿಳಿ ದಾರದಿಂದ ಕಟ್ಟಲಾಗಿತ್ತು. ಮೂರು ಗಂಟು.

ನನಗೆ ನಾಚಿಕೆಯಾಯಿತು. ಜ್ವಾಕಿಲೆ, ಜೋಪಾನವಾಗಿ ಇಡುವುದೆಂದರೆ ಇದೇನಾ ಅಪ್ಪಾ! ಗಂಟು ಬಿಚ್ಚಿ, ತಂತಿ ಕೂಡಿಸಿ, ಬೆಸುಗೆ ಹಾಕಿ, ಯಾರಿಗೂ ಹೇಳದೆ ಮೇಲಿನ ಕವಚ ಮುಚ್ಚಿದೆ. ಸತ್ತ ಅಪ್ಪನ ಮಾನ ಕಮಲಾಪುರದಲ್ಲಿ ಹೋಗುವುದು ಬೇಡವಾಗಿತ್ತು. ಕಾರು ತಗೊಂಡು ನಾಳೆ ಬರುತ್ತೇನೆಂದು ವಸಂತನಿಗೆ ಫೋನು ಮಾಡಿದರೆ, "ನಾಳೆ ಬ್ಯಾಡೋ, ಮುಂದಿನ ವಾರ ಬಾ" ಎಂದ. ಮುಂದಿನ ವಾರವೇ ಯಾಕೆ? ವಾರವಿಡೀ ನನಗೆ ಅದೇ ಚಿಂತೆ.

ಕಾರನ್ನು ಹಳೆಯ ಧೋತರದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೆ. ಪಕ್ಕದವನು "ಏನದ್ರೀ ಒಳಗ?" ಎಂದ. ಮುಟ್ಟಿಯಾನು ಎಂದು "ದೇವರು" ಎಂದೆ. ಪಾಪ, ಕಮಲಾಪುರ ಬರುವ ತನಕ ಚಪ್ಪಲಿ ಕಳಚಿ ಕುಳಿತಿದ್ದ.

ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ ಕಾಕಾ ನನ್ನ ಮುಖ ನೋಡುವ ಮೊದಲು ನನ್ನ ಕೈಗಂಟನ್ನು ನೋಡಿದರು. ವಸಂತ ಟ್ರಂಕಿನಿಂದ ರಿಮೋಟು ತಂದ, ಕೈಗೆ ಮಾತ್ರ ಕೊಡಲಿಲ್ಲ.

"ನೀ ಮೊದಲ ಬಿಚ್ಚು."

"ನೀ ಮೊದಲ ಕೊಡು."

ಕೊನೆಗೆ ಎರಡನ್ನೂ ಒಟ್ಟಿಗೆ ಚಾಪೆಯ ಮೇಲಿಟ್ಟೆವು. ಅವರ ಮನೆಯ ಸೆಲ್ಲನ್ನು ನಂಬುವುದು ಹೇಗೆ ಎಂದು ನಾನು ಕಲಬುರಗಿಯಿಂದಲೇ ತಂದಿದ್ದೆ. ಹಾಕಲೆಂದು ರಿಮೋಟಿನ ಮುಚ್ಚಳ ತೆಗೆದರೆ ಒಳಗಿನ ಸ್ಪ್ರಿಂಗಿನ ಬುಡದಲ್ಲಿ ಬೆಸುಗೆ ಥಳಥಳ ಹೊಳೆಯುತ್ತಿತ್ತು. ಹಳೆಯ ಬೆಸುಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದು ಈ ವಾರದ್ದು; ಅವನು ನಾಳೆ ಬ್ಯಾಡ ಎಂದದ್ದು ಇದಕ್ಕೇ. ತಲೆ ಎತ್ತಿದರೆ, ವಸಂತ ನನ್ನ ಕಾರಿನ ಕವಚ ಎತ್ತಿ ಒಳಗೆ ಬಗ್ಗಿ ನೋಡುತ್ತಿದ್ದ. ಅವನೂ ತಲೆ ಎತ್ತಿದ. ನಾನು ಸೆಲ್ಲು ತುರುಕಿ ರಿಮೋಟನ್ನು ಅವನತ್ತ ಸರಿಸಿದೆ, ಅವನು ಕವಚ ಮುಚ್ಚಿದ.

ವಸಂತ ಗುಂಡಿ ಒತ್ತಿದ. ಕಾರು ಗುರ್ರೆಂದು ಚಾಪೆ ದಾಟಿ, ಕಾಕಾನ ಕಾಲಿಗೆ ಹೋಗಿ ಬಡಿಯಿತು. ಕಾಕಾ ಕಾಲೆಳೆದುಕೊಂಡು ಚೀರಿದರು: "ಏ, ಇದ್ಹ್ಯಾಂಗ ಓಡ್ತೋ? ಇದು ಓಡಬಾರದಲ್ಲ!"

ವಸಂತ ಮಾಡಿನ ಕಡೆ ನೋಡತೊಡಗಿದ.

"ಯಾಕ ಓಡಬಾರದು, ಕಾಕಾ?" ಎಂದೆ.

ಕಾಕಾ ಬಗ್ಗಿ ಕಾರನ್ನು ಎತ್ತಿಕೊಂಡರು. "ನಿಮ್ಮಪ್ಪ ಯಾವಾಗರ ಬಂದು ರಿಮೋಟು ಒಯ್ದಾನು ಅಂತ ಶಕ ಇತ್ತಪಾ. ಒಯ್ದರೂ ಓಡಬಾರದು ಅಂತ ನಾನೇ ತಂತಿ ಕತ್ತರಿಸಿದ್ದೆ" ಎಂದರು. ಆಮೇಲೆ ದನಿ ಇಳಿಸಿ ಕೇಳಿದರು, "ಅಣ್ಣ ಏನೂ ಮಾಡಿರಲಿಲ್ಲೇನು?"

ಅಪ್ಪ ಗೆದ್ದಿದ್ದರು. ಇಲ್ಲ ಎಂದು ಒಂದು ಮಾತು ಅಂದಿದ್ದರೆ ಅವರ ಗೆಲುವು ಹಾಗೇ ಉಳಿಯುತ್ತಿತ್ತು. ಆದರೆ ಕಾಕಾನ ಮುಖ ನೋಡಿ ಆ ಮಾತು ಬಾಯಿಗೆ ಬರಲಿಲ್ಲ.

"ಮಾಡಿದ್ರು ಕಾಕಾ. ತಂತಿ ಕೊಯ್ದು, ಮೂರು ಗಂಟು ಹಾಕಿ ಇಟ್ಟಿದ್ರು."

"ಮೂರು ಗಂಟು!" ಕಾಕಾ ನಕ್ಕರು. ನಗುತ್ತ ನಗುತ್ತ ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡರು. "ನಾನೊಬ್ಬನ ಪಾಪಿ ಅನ್ಕೊಂಡಿದ್ದೆಲೋ. ಅಂವ ಹೋದಾಗ ಇದೇ ಮನಸಿಗೆ ಹತ್ತಿ ಮೂರು ದಿನ ಉಂಡಿರಲಿಲ್ಲ."



ಹೊರಡುವಾಗ ಎರಡನ್ನೂ ನೀನೇ ಒಯ್ಯಿ ಎಂದ ವಸಂತ. ಇಷ್ಟು ಧಾರಾಳ ಯಾಕೆ ಎಂದು ನನಗೆ ಗುಮಾನಿ. ಎರಡೂ ನಿನ್ನ ಹತ್ತಿರವೇ ಇರಲಿ ಎಂದೆ. ಅವನಿಗೂ ಗುಮಾನಿ. ಕಡೆಗೆ ಕಾಕಾನೇ ತೀರ್ಪು ಕೊಟ್ಟರು: "ಕಾರು ಇಲ್ಲಿರಲಿ, ರಿಮೋಟು ನೀ ಒಯ್ಯಿ. ಬರೋಬ್ಬರಿ ಆತು."

ಈಗ ಶೋಕೇಸಿನಲ್ಲಿ ನಾಲ್ಕು ಗಾಲಿಗಳ ಕಪ್ಪು ಗುರುತಿನ ನಡುವೆ ರಿಮೋಟು ಕುಳಿತಿದೆ. ಮೊನ್ನೆ ಸಂಜೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ಕಿಟಕಿಯಾಚೆ ಕಮಲಾಪುರದ ದಿಕ್ಕಿಗೆ ಹಿಡಿದು ಗುಂಡಿ ಒತ್ತಿದೆ. ಆ ದೂರಕ್ಕೆ ಅದು ಮುಟ್ಟುವುದಿಲ್ಲ ಎಂದು ಲ್ಯಾಬಿನಲ್ಲಿ ಕೂದಲು ಹಣ್ಣು ಮಾಡಿಕೊಂಡ ನನಗೆ ಗೊತ್ತಿಲ್ಲವೇ?

ಮರುದಿನ ಬೆಳಿಗ್ಗೆ ಕಾಕಾನ ಫೋನು. "ಏನೋ, ನಿನ್ನಿ ಸಂಜೀಕ ಗುಂಡಿ ಒತ್ತಿದ್ದೇನು? ಇಲ್ಲಿ ಕಾರು ನಾಲ್ಕು ಬೆರಳ ಸರದದ."

ಮುದುಕ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಪೂರಾ ಶಕ. ಆದರೂ ಫೋನು ಗಟ್ಟಿಯಾಗಿ ಹಿಡಿದು, "ಹೌದು ಕಾಕಾ, ಒತ್ತಿದ್ದೆ" ಎಂದೆ.