ಗುಲಾಬಸಾಬರು ಮಾಡಿದ ಕೌದಿ ಗಾಡಿ

ಕಮರಿಪೇಟೆಯ ಬಡಗಿ ಗುಲಾಬಸಾಬರಿಗೆ ಒಂದು ಕೆಟ್ಟ ಚಟವಿದೆ. ಕೆಲಸ ಹಿಡಿಯುವ ಮುನ್ನ ಅವರು ಅಳತೆ ತೆಗೆದುಕೊಳ್ಳುತ್ತಾರೆ. ಅದೂ ಸಾಮಾನಿನದಷ್ಟೇ ಅಲ್ಲ, ಅದು ಹೋಗಿ ಸೇರಬೇಕಾದ ಮನೆಯ ಬಾಗಿಲು, ಮೆಟ್ಟಿಲು, ಮೂಲೆ ಎಲ್ಲದರದು. ನಲವತ್ತು ವರ್ಷದಲ್ಲಿ ಅವರು ಮಾಡಿದ ಒಂದು ಕಪಾಟೂ ಬಾಗಿಲಲ್ಲಿ ಸಿಕ್ಕಿಬಿದ್ದದ್ದಿಲ್ಲ. ಇಂಥ ಮನುಷ್ಯನಿಗೆ ಹೋದ ವರ್ಷ ನಮ್ಮ ವಿದ್ಯಾನಗರದ ಕೌದಿ ಮಂಡಳಿಯ ಸಹವಾಸ ಬಂತು.

ನಾವು ಇಪ್ಪತ್ತು ಜನ ಹೆಂಗಸರು ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತೇವೆ, ವರ್ಷಕ್ಕೊಮ್ಮೆ ಸಮುದಾಯ ಭವನದಲ್ಲಿ ತೂಗುಹಾಕಿ ಒಬ್ಬರನ್ನೊಬ್ಬರು ಹೊಗಳುತ್ತೇವೆ. ತೂಗುಹಾಕಲು ಆರಡಿಯ ಪೈಪು ಇಪ್ಪತ್ತನಾಲ್ಕು, ಅವಕ್ಕೆ ಸ್ಟ್ಯಾಂಡು, ಒಂದು ಚೀಲ ಕ್ಲಿಪ್ಪು. ಎಲ್ಲವೂ ವೇದಿಕೆಯ ಹಿಂದಿನ ಕೋಣೆಯಲ್ಲಿರುತ್ತವೆ. ಅವನ್ನು ಹೆಗಲ ಮೇಲೆ ಹೊತ್ತು ತರುವಾಗ ಒಂದು ಪೈಪು ಉದ್ಘಾಟಕರ ಕನ್ನಡಕವನ್ನೇ ಉದ್ಘಾಟಿಸಿದ ಮೇಲೆ, ಗಾಡಿಯೊಂದು ಬೇಕೆಂದು ಸಭೆ ಸೇರಿ ನಿರ್ಧರಿಸಿದೆವು. ಎರಡನೆಯ ಸಭೆಯಲ್ಲಿ ಅದಕ್ಕೆ ಚಕ್ರವೂ ಬೇಕೆಂದು ಒಪ್ಪಿದೆವು.

ಗಾಡಿಯ ನಕಾಶೆ ತೆಗೆದವರು ರಮಾಕಾಂತರು. ನಮ್ಮ ಅಧ್ಯಕ್ಷೆ ಗೋದಾಬಾಯಿಯವರ ಯಜಮಾನರು, ನಿವೃತ್ತ ಎಂಜಿನಿಯರು. ಮಂಡಳಿಯಲ್ಲಿ ಅವರಿಗೆ ಯಾವ ಹುದ್ದೆಯೂ ಇಲ್ಲ. ಆದ್ದರಿಂದ ಎಲ್ಲದರಲ್ಲೂ ಕೊನೆಯ ಮಾತು ಅವರದೇ. ಮೂರು ಬಣ್ಣದ ಶಾಯಿಯಲ್ಲಿ ಬರೆದ ಆ ನಕಾಶೆಯಲ್ಲಿ ಗಾಡಿ ಏಳಡಿ ಉದ್ದ, ಮೂರಡಿ ಅಗಲವಿತ್ತು. ಗುಲಾಬಸಾಬರು ಅದನ್ನು ಬಹಳ ಹೊತ್ತು ನೋಡಿ, ಕೋಣೆ ನೋಡಬಹುದೇ ಎಂದು ಕೇಳಿದರು. ನಕಾಶೆ ಇರುವಾಗ ಕೋಣೆ ಏಕೆಂದು ರಮಾಕಾಂತರು ಕೇಳಿದರು. ಮರುದಿನ ಗುಲಾಬಸಾಬರು ಟೇಪು ಹಿಡಿದು ತಾವೇ ಹೋಗಿ, ಕಾವಲುಗಾರನಿಂದ ಬಾಗಿಲು ತೆಗೆಸಿ ನೋಡಿಬಂದರು.

ಪ್ರದರ್ಶನದ ಹಿಂದಿನ ದಿನ ಬಂದ ಗಾಡಿ ನಾಲ್ಕಡಿ ಉದ್ದ, ಎರಡಡಿ ಅಗಲವಿತ್ತು. ಒಂದು ತುದಿಯಲ್ಲಿ ಎತ್ತರದ ಚೌಕಟ್ಟು, ಅದಕ್ಕೆ ಪೈಪುಗಳು ಓರೆಯಾಗಿ ಒರಗುತ್ತಿದ್ದವು. ಕೆಳಗೆ ಸ್ಟ್ಯಾಂಡುಗಳಿಗೆ ಖಾನೆ, ಪಕ್ಕದಲ್ಲಿ ಕ್ಲಿಪ್ಪುಗಳಿಗೆ ಡ್ರಾವರು. ಮುಂದಿನ ಚಕ್ರಗಳು ಎತ್ತ ಬೇಕಾದರೂ ತಿರುಗುತ್ತಿದ್ದವು.

ರಮಾಕಾಂತರ ಮುಖ ಕೆಂಪಾಯಿತು. "ಇದೇನ್ರಿ ಗುಲಾಬಸಾಬ, ನಾ ಕೊಟ್ಟ ನಕಾಶಿ ಎಲ್ಲಿ ಹೋತು?"

"ನಕಾಶಿ ಭಾಳ ಛಲೋ ಐತ್ರಿ ರಾಯರ. ಅದರಾಗ ಒಂದು ಬಾಗಲಾನೂ ಬರ್ದಿದ್ರ ಇನ್ನೂ ಛಲೋ ಇರ್ತಿತ್ತು."

ತಮ್ಮ ಅಳತೆ ಸರಿಯೆಂದು ಆ ಕ್ಷಣವೇ ಸಾಧಿಸಿ ತೋರಿಸುವುದಾಗಿ ರಮಾಕಾಂತರು ಹೇಳಿದರು. ಭವನದ ಊಟದ ಮೇಜೂ ಏಳಡಿ ಉದ್ದ, ಮೂರಡಿ ಅಗಲ. ಅದನ್ನು ಅವರು ಮುಂದಿನಿಂದ ಎಳೆದರು, ನಾವು ನಾಲ್ವರು ಹಿಂದಿನಿಂದ ನೂಕಿದೆವು. ವೇದಿಕೆಯ ಹಿಂದಿನ ತಿರುವಿನಲ್ಲಿ ಮೇಜು ನಿಂತಿತು. ಆಮೇಲೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮೇಜಿನ ಈಚೆ ನಾವು, ಆಚೆ ರಮಾಕಾಂತರು. ಅವರ ಹಿಂದಿದ್ದ ಕೋಣೆಗೆ ಕಿಟಕಿಯೂ ಇರಲಿಲ್ಲ.

ಗುಲಾಬಸಾಬರು ನೆಲಕ್ಕೆ ಕೂತು ಮೇಜಿನ ಕಾಲು ಬಿಚ್ಚತೊಡಗಿದರು. ಯಾವ ತಿರುಪು ಮೊದಲು ಬಿಚ್ಚಬೇಕೆಂದು ರಮಾಕಾಂತರು ಆಚೆಯಿಂದ ಮಾರ್ಗದರ್ಶನ ಮಾಡಿದರು. ಅದರಿಂದಾಗಿ ಹತ್ತು ನಿಮಿಷದ ಕೆಲಸ ಅರ್ಧ ತಾಸಿನಲ್ಲಿ ಮುಗಿಯಿತು. ಹೊರಬಂದವರೇ ಅವರು ಭವನ ಕಟ್ಟಿದ ಗುತ್ತಿಗೆದಾರನನ್ನು ಬೈದರು.

ಮರುದಿನ ಉದ್ಘಾಟನೆಯಲ್ಲಿ, ಗಾಡಿಯ ರೂವಾರಿ ಎಂದು ರಮಾಕಾಂತರಿಗೆ ಶಾಲು ಹೊದಿಸಿದೆವು. ಯಾರಿಗೂ ತಡೆಯುವ ಧೈರ್ಯವಿರಲಿಲ್ಲ, ನನಗೂ ಇರಲಿಲ್ಲ. ಭಾಷಣದಲ್ಲಿ ಅವರು 'ಒಬ್ಬ ಸ್ಥಳೀಯ ಬಡಗಿಯ ನೆರವನ್ನು' ಸ್ಮರಿಸಿದರು. ಹಿಂದಿನ ಸಾಲಿನಲ್ಲಿ ಗುಲಾಬಸಾಬರ ಪಕ್ಕ ಕೂತಿದ್ದ ಅವರ ಹೆಂಡತಿ ನಜ್ಮಾ ಅರ್ಧಕ್ಕೇ ಎದ್ದು ಹೊರಗೆ ಹೋದರು.

ಚಹಾ ಕುಡಿಯುವಾಗ ನಾನು ಗುಲಾಬಸಾಬರನ್ನು ಬೇಜಾರಾಯಿತೇ ಎಂದು ಕೇಳಿದೆ. ಶಾಲು ಹೊದ್ದರೆ ತಮಗೆ ಸೆಕೆಯಾಗುತ್ತದೆ ಎಂದರು. ಆಮೇಲೆ ಕಪ್ಪು ಕೆಳಗಿಟ್ಟು ಮೆಲ್ಲಗೆ ಹೇಳಿದರು: "ಸ್ಥಳೀಯ ಬಡಗಿ ಅಂದ್ರ ಯಾರ್ರಿ ಅಂವಾ? ನಲವತ್ತು ವರ್ಷ ಇದ ಊರಾಗ ಕೆಲಸ ಮಾಡೇನಿ. ನನಗೊಂದು ಹೆಸರೈತಿ."

ಗೋದಾಬಾಯಿ ಅಲ್ಲೇ ಬಿಸ್ಕೀಟು ಹಂಚುತ್ತಿದ್ದರು. ಪ್ರದರ್ಶನ ಮುಗಿದ ಸಂಜೆ, ಎಪ್ಪತ್ತು ದಾಟಿದ ಆ ಹೆಂಗಸು ತುಂಬಿದ ಗಾಡಿಯನ್ನು ತಾವೊಬ್ಬರೇ ನೂಕಿಕೊಂಡು ಆ ತಿರುವು ದಾಟಿಸಿ ಕೋಣೆಗೆ ಮುಟ್ಟಿಸಿದರು. ಮರುದಿನ ದುರ್ಗದಬೈಲಿನಿಂದ ಬೋರ್ಡು ಬರೆಯುವವನನ್ನು ಆಟೋದಲ್ಲಿ ಕರೆತಂದು, ಗಾಡಿಯ ಮಗ್ಗುಲಿಗೆ 'ಗುಲಾಬಸಾಬ, ಬಡಗಿ, ಕಮರಿಪೇಟೆ' ಎಂದು ದಪ್ಪ ಹಳದಿ ಅಕ್ಷರದಲ್ಲಿ ಬರೆಸಿದರು. ಗಂಡನನ್ನು ಕೇಳಲಿಲ್ಲ, ಸಭೆಯನ್ನೂ ಕರೆಯಲಿಲ್ಲ.

ಗುಲಾಬಸಾಬರು ನಜ್ಮಾರನ್ನು ಕರೆದುಕೊಂಡು ಬಂದು ನೋಡಿ ಹೋದರು. ಅಕ್ಷರಗಳ ನಡುವಿನ ಅಂತರ ಸರಿಯಿಲ್ಲವೆಂದು ರಮಾಕಾಂತರು ಈಗಲೂ ಹೇಳುತ್ತಾರೆ.